ನಾನು ತರಗತಿಗೆ ಹೋಗಲು ಅಪ್ಪಣೆ ಕೊಡಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಶಾಲೆಗೆ ಮುಖ್ಯೋಪಾಧ್ಯಾಯರಿಲ್ಲದೆ ಮೂರು ವರ್ಷ ಎಂಟು ತಿಂಗಳಾಯಿತು. "ಒಂದು ವಾರ ನೋಡ್ಕೊಳ್ಳಿ ಮೇಷ್ಟ್ರೇ, ಅಷ್ಟ್ರಲ್ಲಿ ಯಾರನ್ನಾದ್ರೂ ಕಳಿಸ್ತೀನಿ" ಎಂದು ತಾವು ಪ್ರಭಾರ ಕೊಟ್ಟಿರಿ. ಆ ವಾರ ಇನ್ನೂ ಮುಗಿದಿಲ್ಲ. ಗಣಿತ ಕಲಿಸಬೇಕಾದ ನನಗೆ ಮೂಗಿಗಿಂತ ಮೂಗುತಿ ಭಾರವಾಗಿದೆ.

ಬೆಳಿಗ್ಗೆ ಕೆಟ್ಟ ನಲ್ಲಿ, ಆಮೇಲೆ ಪೋಷಕರು, ಆಮೇಲೆ ತಮ್ಮ ಕಚೇರಿ ಕೇಳುವ ವರದಿ. ಪಾಠಕ್ಕೆ ಪುರುಸೊತ್ತೆಲ್ಲಿ? ಸಾಲದ್ದಕ್ಕೆ 'ಪರಿಣಾಮಕಾರಿ ನಾಯಕತ್ವ' ತರಬೇತಿ ಬೇರೆ. ಕಳೆದ ತಿಂಗಳಿನದು ಆರನೆಯದು, ಐದು ದಿನ. ಒಳ್ಳೆಯ ನಾಯಕನ ಮೊದಲ ಗುಣ ಯಾವುದೆಂದು ಕೇಳಿದರು. "ಶಾಲೇಲಿರೋದು" ಎಂದೆ. ತರಬೇತುದಾರರು ಕೈಲಿದ್ದ ಹಾಳೆಯನ್ನು ಹಿಂದೆ ಮುಂದೆ ತಿರುವಿ, "ಅದು ಇದ್ರಲ್ಲಿಲ್ವಲ್ಲ ಸಾರ್" ಎಂದರು.

ಆ ಐದು ದಿನ ಹತ್ತನೇ ತರಗತಿಗೆ ಗಣಿತ ಹೇಳಿದವಳು ಅದೇ ತರಗತಿಯ ಲೀಡರ್ ಹುಡುಗಿ. "ಸಮೀಕರಣ ಶುರು ಮಾಡಮ್ಮ, ಬಂದು ನೋಡ್ತೀನಿ" ಎಂದು ನಾನೇ ಒಪ್ಪಿಸಿ ಹೋಗಿದ್ದೆ. ಬಂದು ನೋಡಲಿಲ್ಲ, ತರಬೇತಿಯ ವರದಿ ಬರೆಯುತ್ತ ಕೂತೆ. ಕಿರುಪರೀಕ್ಷೆಯಲ್ಲಿ ನಲವತ್ತೊಂದು ಮಕ್ಕಳೂ ಒಂದೇ ಹಂತದಲ್ಲಿ ಒಂದೇ ತಪ್ಪು ಮಾಡಿದ್ದರು. ಸಂಖ್ಯೆ ಸಮ ಚಿಹ್ನೆ ದಾಟಿದರೆ ಕೂಡುವುದು ಕಳೆಯುವುದಾಗಬೇಕು, ಯಾರೊಬ್ಬರೂ ಬದಲಿಸಿರಲಿಲ್ಲ. ಕಾಪಿ ಹೊಡೆದಿದ್ದಾರೆಂದು ಬಾಯಿಗೆ ಬಂದಂತೆ ಬೈದೆ. ಹುಡುಗಿ ಎದ್ದು ನಿಂತು, "ನಾನೇ ಹಂಗೆ ಹೇಳ್ಕೊಟ್ಟೆ ಸಾರ್, ನಂಗೆ ಅಷ್ಟೇ ಗೊತ್ತಿತ್ತು" ಎಂದಳು. "ನಿನ್ನಿಂದ್ಲೇ ಕಣೇ ನಾವೆಲ್ಲ ಫೇಲು!" ಎಂದು ಹಿಂದಿನ ಬೆಂಚು ಕೂಗಿತು. ಅಂದಿನಿಂದ ಅವಳು ಶಾಲೆಗೆ ಬಂದಿಲ್ಲ. ಇಂದಿಗೆ ಒಂಬತ್ತು ದಿನ.

ಅವಳ ಮನೆಗೆ ಹೋದೆ. ಬಟ್ಟೆ ಹೊಲಿಯುತ್ತಿದ್ದ ಅವಳ ತಾಯಿ ಮಿಷನ್ ನಿಲ್ಲಿಸಲೂ ಇಲ್ಲ. "ಪಾಠ ಮಾಡೋದು ಅವಳ ಕೆಲ್ಸಾನಾ ಮೇಷ್ಟ್ರೇ? ಇನ್ನು ಓದಲ್ಲ ಅಂತಾಳೆ. ನೀವೇ ಹೇಳಿ, ನಾನೇನ್ ಮಾಡ್ಲಿ?" ಎಂದು ಕೇಳಿದರು. ತಮ್ಮ ಬಳಿ ಉತ್ತರವಿದ್ದರೆ ದಯವಿಟ್ಟು ತಿಳಿಸಿ.

ಅಂತಿಮ ಪರೀಕ್ಷೆಗೆ ಉಳಿದಿರುವುದು ಏಳು ವಾರ. ಸೋಮವಾರದೊಳಗೆ ಮುಖ್ಯೋಪಾಧ್ಯಾಯರನ್ನು ಕಳಿಸಿ. ಕಳಿಸಿದರೂ ಸರಿ, ಬಿಟ್ಟರೂ ಸರಿ, ಅಂದು ಮೊದಲ ಪೀರಿಯಡ್ಡಿಗೆ ನಾನು ತರಗತಿಯಲ್ಲಿರುತ್ತೇನೆ. ಕಚೇರಿಯ ಫೋನು ಬಡಿದುಕೊಂಡರೆ ಬಡಿದುಕೊಳ್ಳಲಿ. ಆ ತಪ್ಪು ಅವಳದಲ್ಲ, ನನ್ನದು ಎಂದು ನಲವತ್ತು ಮಕ್ಕಳ ಮುಂದೆ ಹೇಳಬೇಕಾಗಿದೆ. ತಾವೂ ಬಂದು ಪಕ್ಕದಲ್ಲಿ ನಿಂತರೆ ಒಳ್ಳೆಯದು, ಅರ್ಧ ಪಾಲು ತಮ್ಮದು. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದವಳು ಬರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.

ಇಂತಿ,
ನಾಯಕತ್ವದಲ್ಲಿ ಆರು ಬಾರಿ ಪಾಸಾದ,
ಪಾಠ ಮಾಡದ ಗಣಿತ ಮೇಷ್ಟ್ರು