ಕಂಸದೊಳಗಿನ ಮೂವತ್ತು ದಿನ

೧೪ ಮಾರ್ಚ್, ಶುಕ್ರವಾರ

ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ಪ್ರತಿನಿಧಿಗಳೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ವೀಕ್ಷಕರೇ, ಮತ್ತು ಇವರೆಲ್ಲರ ಬದಲಿಗೆ ಆಸ್ಪತ್ರೆಯ ಮಂಚದ ಮೇಲೆ ಒಬ್ಬಳೇ ಕೂತಿರುವ ಅಕ್ಕಾ,

ಎಡಗೈಯಲ್ಲಿ ಬರೆದ ನಿನ್ನ ಕಾಗದ ತಲುಪಿತು. ಅಕ್ಷರಗಳು ಒಂದನ್ನೊಂದು ತಳ್ಳಾಡುತ್ತಿದ್ದರೂ ಬೈಗುಳ ಮಾತ್ರ ಸ್ಪಷ್ಟವಾಗಿದೆ. ಗುಡ್ಡದಲ್ಲಿ ನೆಲಬಾಂಬು ತೆಗೆಯುವಾಗ ಬಲಗೈ ಮಣಿಕಟ್ಟಿನವರೆಗೆ ಹೋಯಿತೆಂಬುದಕ್ಕೆ ಒಂದು ಸಾಲು, ಆಸ್ಪತ್ರೆಯ ನೀರು ಚಹಾಕ್ಕೆ ಒಂದು ಪುಟ. ನೀನು ಯಾವತ್ತೂ ಹೀಗೇ.

"ಆ ಗುಡ್ಡದ ನಕ್ಷೆ ಗಡಿಯಾಚೆಯವರ ಬೀರುವಿನಲ್ಲೇ ಇದೆಯಂತಲ್ಲೋ. ಮೂವತ್ತು ದಿನದೊಳಗೆ ಕೊಡಬೇಕು ಅಂತ ನೀವು ಬರೀತಿದ್ರಲ್ಲ, ಅದೇನಾಯ್ತು?" ಎಂದು ಕೇಳಿದ್ದೀಯ. ಹೇಳುತ್ತೇನೆ.

ಏಳು ವರ್ಷದ ಹಿಂದೆ, ನಾನು ನಮ್ಮ ದೇಶದ ಪ್ರತಿನಿಧಿಯಾಗಿ ಒಪ್ಪಂದದ ಸಭೆಗೆ ಹೋಗಿದ್ದಾಗಿನ ಮಾತು. ನೆಲಬಾಂಬು ಹೂತ ದೇಶ, ಒಪ್ಪಂದಕ್ಕೆ ಸಹಿ ಬಿದ್ದ ಮೂವತ್ತು ದಿನದೊಳಗೆ ಹೂತ ಜಾಗದ ನಕ್ಷೆ ಒಪ್ಪಿಸಬೇಕೆಂದು ಕರಡಿನಲ್ಲಿತ್ತು. ಒಪ್ಪಿಗೆಯಾಗದ ಮಾತನ್ನು ಕಂಸದೊಳಗೆ, ಅಂದರೆ ಆವರಣ ಚಿಹ್ನೆಯೊಳಗೆ, ಕೂರಿಸುವುದು ನಮ್ಮ ಸಭೆಗಳ ಪದ್ಧತಿ. 'ಮೂವತ್ತು ದಿನ' ಹನ್ನೊಂದು ದಿನ ಕಂಸದೊಳಗೇ ಕೊಳೆಯಿತು. ಆಗ ನೀನು ಫೋನಿನಲ್ಲಿ, "ಬೇರೇನು ಬಿಟ್ಟರೂ ನಕ್ಷೆ ಬಿಡಬೇಡ ಕಣೋ ಪ್ರಾಸಪ್ಪ. ಅದಿಲ್ಲದಿದ್ರೆ ನಾವು ಗೇಣು ಗೇಣು ಮಣ್ಣನ್ನ ಕಡ್ಡಿಯಲ್ಲಿ ಚುಚ್ಚಿ ನೋಡ್ತಾ ಹೋಗಬೇಕು" ಅಂದಿದ್ದೆ. ನಾನು ಹೂಂ ಅಂದಿದ್ದೆ.

ಕೊನೆಯ ದಿನ ಮಧ್ಯಾಹ್ನ. ಕಾಫಿ ಮುಗಿದಿತ್ತು. ದುಭಾಷಿಗಳು ಚೀಲ ಹೆಗಲಿಗೇರಿಸಿದ್ದರು. ಗಡಿಯಾಚೆಯ ಪ್ರತಿನಿಧಿ, ಆ ದಪ್ಪ ಕನ್ನಡಕದವರು, ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕೊನೆಗೆ 'ಸಾಧ್ಯವಾದಷ್ಟು ಬೇಗ' ಎಂದಾಯಿತು. ನಮ್ಮಿಂದೇನು ಮಾಡಲಾಗುತ್ತಿತ್ತು, ಹೇಳು. ಚಪ್ಪಾಳೆ ಬಿತ್ತು. "ಕಂಸ ಬಿಚ್ಚಿತು, ಹಂಸ ಹಾರಿತು" ಎಂದು ನಾನು ಪ್ರಾಸ ಕಟ್ಟಿದೆ. ಪಕ್ಕದವರು ನಕ್ಕು ಬೆನ್ನು ತಟ್ಟಿದರು. ಅವರ 'ಸಾಧ್ಯ' ಮಾತ್ರ ಇವತ್ತಿಗೂ ಸಾಧ್ಯವಾಗಿಲ್ಲ.

ಸಹಿ ಹಾಕಿದ ದಿನದ ಫೋಟೋ ನನ್ನ ಮೇಜಿನ ಮೇಲಿನ ಗೋಡೆಯಲ್ಲಿತ್ತು. ನಿನ್ನ ಕಾಗದ ಓದಿ ಇಳಿಸಿದೆ. ಈಗ ಅಲ್ಲಿ ಒಂದು ಬಿಳಿ ಚೌಕ ಉಳಿದಿದೆ, ಬಂದವರೆಲ್ಲ ಅದನ್ನೇ ನೋಡುತ್ತಾರೆ.

ಭಾನುವಾರ ಬರುತ್ತೇನೆ. ಒಳ್ಳೆಯ ಚಹಾ ತರುತ್ತೇನೆ. ಬೈಯುವುದಕ್ಕೆ ಕೈ ಬೇಕಿಲ್ಲವಲ್ಲ.

ನಿನ್ನ ತಮ್ಮ,
ಪ್ರಾಸಪ್ಪ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ದಪ್ಪ ಕನ್ನಡಕದವರು ಅವತ್ತು ಊಟದ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, "ಅರವತ್ತು ದಿನ ಅನ್ನಿ, ನಾವು ಒಪ್ತೀವಿ" ಅಂದಿದ್ದರು. ಅದಕ್ಕೆ ನಮ್ಮ ಸರ್ಕಾರದ ಅಪ್ಪಣೆ ಬೇಕಿತ್ತು, ಸಭೆ ಇನ್ನೊಂದು ದಿನ ಎಳೆಯುತ್ತಿತ್ತು. ನನಗೆ ಸಂಜೆಯ ವಿಮಾನವಿತ್ತು. ಯಾರಿಗೂ ಹೇಳಲಿಲ್ಲ. 'ಸಾಧ್ಯವಾದಷ್ಟು ಬೇಗ' ಎಂದು ಚೀಟಿಯಲ್ಲಿ ಬರೆದು ಅಧ್ಯಕ್ಷರ ಮುಂದೆ ತಳ್ಳಿದವನು ನಾನೇ, ಅಕ್ಕಾ.