ಹಿಂದೆ ಸರಿದ ಚಂದ್ರ

ಮುಗದ
೬ ಅಕ್ಟೋಬರ್ ೨೦೦೬

ಪ್ರೀತಿಯ ತಂಗಿ ಕಾವೇರಿಗೆ,

ಅಕ್ಕನ ಆಶೀರ್ವಾದ ನಿನಗೆ ಬೇಕೋ ಬೇಡವೋ, ಮೊದಲು ಅದನ್ನೇ ಬರೆದಿದ್ದೇನೆ. ಅಮ್ಮಿನಬಾವಿಯಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಾನು ಇಲ್ಲಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಂಡು, ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದೇನೆ. ಒಬ್ಬಳಿಗೆಂದು ಅಕ್ಕಿ ಹಾಕಿದರೂ ಅರ್ಧ ಅನ್ನ ಉಳಿಯುತ್ತದೆ.

ರಜೆಗೆ ಮೊದಲು ಮಕ್ಕಳಿಗೆ ಕಂಪ್ಯೂಟರಿನಲ್ಲಿ ಒಂದು ಚಲಿಸುವ ಚಿತ್ರ ತೋರಿಸಿದೆ. ಶನಿಗ್ರಹದ ಹತ್ತಿರ ಹೋದ ನೌಕೆ ತೆಗೆದದ್ದು. ಎರಡು ಚಂದ್ರಗಳು ಅಕ್ಕಪಕ್ಕ ಕಾಣುತ್ತವೆ. ನೋಡನೋಡುತ್ತ ಒಂದು ಇನ್ನೊಂದನ್ನು ಬಿಟ್ಟು ಹಿಂದೆ ಸರಿಯುತ್ತದೆ. ಸಣ್ಣದು ಹೊಳ್ಳಿ ಹೊರಟಿತು ನೋಡಿರಿ ಎಂದು ಭಾರೀ ಜಾಣೆಯ ಹಾಗೆ ಹೇಳಿಬಿಟ್ಟೆ. ಹಿಂದೆ ನಿಂತಿದ್ದ ನಮ್ಮ ಆಟದ ಮಾಸ್ತರ ನೀಲಕಂಠಪ್ಪ ಮೆಲ್ಲಗೆ ಕೇಳಿದರು: "ಟೀಚರ್, ಫೋಟೋ ತಗಿಯೋ ನೌಕಾನೂ ಓಡಾಕತ್ತಿರತೈತಲ್ರಿ? ಬಸ್ಸಿನ್ಯಾಗ ಕುಂತ್ರ ಗಿಡಾನೂ ಹಿಂದ ಹೋದಂಗ ಕಾಣ್ತಾವು."

ಓದಿ ನೋಡಿದೆ. ಅವರದೇ ಖರೆ. ಎರಡೂ ಚಂದ್ರಗಳು ಒಂದೇ ದಿಕ್ಕಿಗೆ ಶನಿಯನ್ನು ಸುತ್ತುತ್ತಿದ್ದವು. ಒಂದು ಹಿಂದೆ ಸರಿದಂತೆ ಕಂಡದ್ದು ನೌಕೆಯ ಓಟದಿಂದ. ಮಕ್ಕಳೆದುರು ತಪ್ಪು ಒಪ್ಪಿಕೊಂಡೆ. ಅದು ಕಷ್ಟವಾಗಲಿಲ್ಲ. ಈ ಪತ್ರ ಕಷ್ಟವಾಗುತ್ತಿದೆ.

ಅವ್ವನ ಮಣ್ಣಿಗೆ ನೀನು ತಡವಾಗಿ ಬಂದೆ ಎಂದು ಮಂದಿಯೆದುರು ಅಂದವಳು ನಾನು. ಆಮೇಲೆ ನಿನಗೆ ತಿಳಿಸದೆ ಗೋಪನಕೊಪ್ಪದ ಮನೆ ಬಿಟ್ಟು ಇಲ್ಲಿಗೆ ವರ್ಗ ಮಾಡಿಸಿಕೊಂಡವಳೂ ನಾನು. ಮುನಿಸಿದ್ದರೂ ದಸರೆಗೆ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಡಬೇಕಲ್ಲ. ಮೂರು ವರ್ಷ ನಿನ್ನ ದಾರಿ ನೋಡಿದೆ. ತಂಗಿ ದೂರಾದಳೆಂದು ಕಂಡಕಂಡವರಿಗೆ ಹೇಳಿದೆ. ಈ ಸಲವೂ ನೀಲಕಂಠಪ್ಪನವರೊಬ್ಬರೇ ಬಂದು ಬನ್ನಿ ಕೊಟ್ಟರು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಈ ಹಿರಿತನ ಸಾಕು. ಹದಿನೈದನೇ ತಾರೀಖು ಭಾನುವಾರ ಬನ್ನಿ ತೆಗೆದುಕೊಂಡು ನಾನೇ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಸಂಜೆ ಬಸ್ಸಿಗೆ ಹೊಳ್ಳಿ ಹೋಗುತ್ತೇನೆ.

ನಿನ್ನ ಅಕ್ಕ,
ಸುಕನ್ಯಾ

ತಾ.ಕ.: ಒಂದು ಮಾತು ಮೇಲೆ ಮುಚ್ಚಿಟ್ಟೆ. ನೀನು ಪ್ರತಿ ದಸರೆಗೂ ಗೋಪನಕೊಪ್ಪಕ್ಕೆ ಹೋಗಿ ನನ್ನ ವಿಳಾಸ ಕೇಳಿದ್ದು ನನಗೆ ಗೊತ್ತು. ಹೇಳಬೇಡವೆಂದು ಅಲ್ಲಿಯ ಪಕ್ಕದ ಮನೆಯ ಮೈಮುನಾಳಿಂದ ಆಣೆ ಮಾಡಿಸಿಕೊಂಡವಳು ನಾನೇ. ನೀನು ಅವಳ ಕೈಯಲ್ಲಿ ಕೊಟ್ಟುಹೋದ ಬನ್ನಿಯನ್ನು ಅವಳು ಪ್ರತಿ ವರ್ಷ ನನಗೆ ತಲುಪಿಸಿದ್ದಾಳೆ. ಎಲ್ಲ ಒಣಗಿವೆ, ಒಂದೆಲೆಯನ್ನೂ ಒಗೆದಿಲ್ಲ. ಭಾನುವಾರ ನಾನು ತರುವುದು ಅವನ್ನೇ.