ಉಜ್ಜಿದಷ್ಟೂ ಏಳುವ ಗಂಧೆ

ತೋವಿನಕೆರೆ
18-11-2025

ತಮ್ಮ ಗಂಗಯ್ಯನಿಗೆ,

ನೀನೂ ವನಜಾಕ್ಷಿಯೂ ಬರಗೂರಿನಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಾನು ಸಿಟ್ಟಿನಲ್ಲಿದ್ದೇನೆ. ವಾರದ ಹಿಂದೆಯೇ ಬರೆಯಬೇಕಿತ್ತು, ಬರೆದ ಎರಡು ಹಾಳೆ ಹರಿದುಹಾಕಿದೆ. ಫೋನು ಮಾಡಿದರೆ "ಕೇಳುಸ್ತಿಲ್ಲ ಕಣಕ್ಕ" ಎಂದು ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗದು, ಕೂತು ಓದು.

ನಿನ್ನ ಸೊಸೆ ಶೃತಿ ಹತ್ತನೇ ತಾರೀಕು ಬಸ್ಸಿಳಿದು ನಮ್ಮ ಬಾಗಿಲಿಗೆ ಬಂದಳು. ತವರಿಗೆ ಹೋದರೆ ತಾಯಿ ಎದೆ ಒಡೆದುಕೊಳ್ಳುತ್ತಾಳೆಂದು ಇಲ್ಲಿಗೆ ಬಂದಿದ್ದಾಳೆ. ಬೆನ್ನು ತೋರಿಸಿದಳು. ಅಂಗೈಯಗಲ ಕೆಂಪಗೆ ಉಬ್ಬಿದ ಗಂಧೆ, ಅದರ ಮೇಲೆ ತರಚಿದ ಗಾಯ.

"ಗಂಧೆ ಎದ್ದಾಗೆಲ್ಲ ಅತ್ತೆ ಕಂಬ್ಳಿ ತಗಂಡು ಉಜ್ಜೋರು ದೊಡ್ಡಮ್ಮ. ಉಜ್ಜುದಷ್ಟೂ ಏಳ್ತಿತ್ತು, ಎದ್ದಷ್ಟೂ ಉಜ್ಜೋರು" ಎಂದಳು.

ಅವಳು ಕಿರುಚಿದರೆ ನೀನು ಮಗನನ್ನು ಕರೆದು, "ನೋಡ್ಲಾ ಪ್ರಸನ್ನ, ಮುದ್ದೆ ತಿರುವು ಅಂದ್ರೆ ಇವ್ಳಿಗೆ ಗಂಧೆ ಏಳ್ತದೆ. ನಾಟ್ಕ ಕಣ್ಲಾ! ರಕ್ತಾನೇ ಕೆಟ್ಟೈತೆ, ತವರಿಗೆ ಬುಟ್ಬುಟ್ಟು ಬೇರೆ ಹೆಣ್ ನೋಡಾನ" ಎಂದೆಯಂತೆ. ಹೆಣ್ಣೇನು ಸಂತೆಯಲ್ಲಿ ಹಿಡಿದು ತಂದ ಕುರಿಯೇನೋ, ಚರ್ಮ ಸರಿಯಿಲ್ಲವೆಂದು ವಾಪಸ್ ಕೊಡಲು?

ಕೊರಟಗೆರೆಗೆ ಕರೆದೊಯ್ದು ತೋರಿಸಿದಾಗ ಡಾಕ್ಟರಮ್ಮ ಪೆನ್ನಿನ ಹಿಂಬದಿಯಿಂದ ಅವಳ ತೋಳಿನ ಮೇಲೆ ಒಂದು ಗೆರೆ ಎಳೆದರು. ಐದು ನಿಮಿಷದಲ್ಲಿ ಅದು ಹುರಿಯ ಹಾಗೆ ಉಬ್ಬಿ ನಿಂತಿತು. ಪೆನ್ನಿನ ಜೊತೆ ಯಾರಾದರೂ ನಾಟಕ ಆಡುತ್ತಾರೇನೋ?

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಪಕ್ಕದ ಮನೆ ಹುಡುಗಿಯ ಪಿಯುಸಿ ಪುಸ್ತಕ ಈಸಿಕೊಂಡು, ತಿಳಿಯದ್ದನ್ನು ಡಾಕ್ಟರಮ್ಮನನ್ನೇ ಕೇಳಿ ತಿಳಿದುಕೊಂಡೆ. ಚರ್ಮದೊಳಗೆ ಮಾಸ್ಟ್ ಕೋಶಗಳೆಂಬ ಕಾವಲಿನವರಿದ್ದಾರೆ. ಅವರ ಹೊಟ್ಟೆ ತುಂಬ ಸಣ್ಣ ಸಣ್ಣ ಚೀಲ, ಚೀಲದಲ್ಲಿ ಹಿಸ್ಟಮಿನ್. ಹುಳ ಕಚ್ಚಿದರೋ ಮೈಗಾಗದ್ದು ಒಳನುಗ್ಗಿದರೋ ಆ ಕೋಶಗಳು ಚೀಲ ಬಿಚ್ಚುತ್ತವೆ. ಆಗ ರಕ್ತನಾಳ ಸಡಿಲವಾಗಿ, ನೀರು ಒಸರಿ ಚರ್ಮ ಉಬ್ಬುತ್ತದೆ, ನವೆ ಹತ್ತುತ್ತದೆ. ನಾವು ಚಿಕ್ಕವರಿದ್ದಾಗ ಬೇಲಿಯಂಚಿನ ಒಣಕಾಯಿಗೆ ಎಂಜಲು ಹಚ್ಚಿದರೆ ಚಟ್ ಎಂದು ಸಿಡಿಯುತ್ತಿತ್ತಲ್ಲ, ಹಾಗೆ. ಶೃತಿಯ ಮೈಯಲ್ಲಿ ಅವು ಬರಿಯ ಉಜ್ಜಾಟಕ್ಕೇ ಸಿಡಿಯುತ್ತವೆ. ನೀವು ಕಂಬಳಿಯಲ್ಲಿ ಉಜ್ಜಿದ್ದೀರಿ!

"ನಮ್ಗೆ ಗಂಧೆ ಎದ್ದಾಗ ಅವ್ವ ಉಜ್ಜುದ್ರೆ ಕೂತ್ಕತಿತ್ತಲ್ಲ" ಎನ್ನುತ್ತೀಯ, ಗೊತ್ತು. ಚೀಲಗಳೆಲ್ಲ ಬರಿದಾಗಿ ಕೂತದ್ದು ಕಣೋ ಅದು. ಮತ್ತೆ ತುಂಬಿಕೊಳ್ಳಲು ಹೊತ್ತು ಬೇಕು. ಆ ಬಿಡುವನ್ನೇ ನಾವು ಗುಣ ಎಂದುಕೊಂಡೆವು. ಡಾಕ್ಟರಮ್ಮ ಕೊಟ್ಟ ಮಾತ್ರೆ ಚೀಲದ ಬಾಯಿ ಕಟ್ಟುವುದಿಲ್ಲ. ಹಿಸ್ಟಮಿನ್ ಹೋಗಿ ಕೂರುವ ಜಾಗದಲ್ಲಿ ತಾನೇ ಮೊದಲು ಕೂರುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಆರು ದಿನದಿಂದ ಹುಡುಗಿ ಮೈ ತುರಿಸದೆ ನಿದ್ದೆ ಮಾಡುತ್ತಿದ್ದಾಳೆ.

ಪ್ರಸನ್ನ ಒಬ್ಬನೇ ಬಂದರೆ ಕಳಿಸುವುದಿಲ್ಲ. ಅವಳು ಕಿರುಚುವಾಗ ಬಾಯಿ ಮುಚ್ಚಿಕೊಂಡು ನಿಂತಿದ್ದವನು ಅವನು. ನೀನು ಬಾ. ಅವಳೆದುರು ಕೂತು "ತಪ್ಪಾಯ್ತು ಕಣಮ್ಮ" ಅನ್ನು. ಬೇರೆ ಹೆಣ್ಣಿನ ಮಾತು ಇನ್ನೊಂದು ಸಲ ನಿನ್ನ ಬಾಯಲ್ಲಿ ಬಂದರೆ ನಾನು ನಿನ್ನ ಹೊಸ್ತಿಲು ತುಳಿಯುವುದಿಲ್ಲ.

ಇಷ್ಟು ಬೈದರೂ ನಿನ್ನ ಮೊಣಕಾಲು ನೋವು ಇಳಿಯಲಿ, ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ರಾಜಲಕ್ಷ್ಮಮ್ಮ

ಮ.ವಿ.: ವನಜಾಕ್ಷಿಯನ್ನು ಬೈಯಬೇಡ. ಯುಗಾದಿಯ ಹೊತ್ತಿನಲ್ಲಿ ಅವಳು ಫೋನು ಮಾಡಿ, "ಅತ್ಗೆ, ಸೊಸೆಗೆ ಮೈಯೆಲ್ಲ ಎದ್ದೈತೆ, ಏನ್ ಮಾಡ್ಲಿ?" ಎಂದಾಗ, "ಕಂಬ್ಳಿ ತಗಂಡು ಚೆನ್ನಾಗಿ ಉಜ್ಜು, ಅತ್ರೂ ಬುಡಬ್ಯಾಡ" ಎಂದವಳು ನಾನು. ಡಾಕ್ಟರಮ್ಮ "ಉಜ್ಜಿ ಅಂತ ಯಾರಮ್ಮ ಹೇಳಿದ್ದು?" ಎಂದು ಕೇಳಿದರು. ಶೃತಿ "ನಮ್ಮತ್ತೆ" ಎಂದಳು. ಇಷ್ಟು ದಿನವೂ ವನಜಾಕ್ಷಿ ನನ್ನ ಹೆಸರು ಎತ್ತಿಲ್ಲ. ಡಾಕ್ಟರಮ್ಮ ಹಾಗೆ ಕೇಳಿದಾಗ ನಾನು ಶೃತಿಯ ಪಕ್ಕದಲ್ಲೇ ಮಾತ್ರೆ ಚೀಟಿ ಮಡಿಸುತ್ತ ಕೂತಿದ್ದೆ. ಇವತ್ತಿಗೂ ಹುಡುಗಿಗೆ ಹೇಳಿಲ್ಲ. ಹೇಳಿದರೆ ಇಲ್ಲಿಂದಲೂ ಎದ್ದು ಎಲ್ಲಿಗೆ ಹೋಗುತ್ತಾಳೆ?